ದೊಡ್ಡಪ್ಪನ ದನಿ ಇಟ್ಟ ಜಾಗ

ಒಮ್ಮೆ ಯಾರದೋ ಪ್ರಿಂಟರಿನಲ್ಲಿ ಸಿಕ್ಕಿಕೊಂಡಿದ್ದ ಕಾಗದ ಬಿಡಿಸಿಕೊಟ್ಟ ತಪ್ಪಿಗೆ ದುನ್ಯಾ ಇಡೀ ಬಳಗಕ್ಕೆ ಕಂಪ್ಯೂಟರ್ ವೈದ್ಯೆಯಾಗಿಬಿಟ್ಟಿದ್ದಳು. ಅವಳ ಕೆಲಸ ಶಾಲೆಯಲ್ಲಿ ಭೂಗೋಳ ಹೇಳಿಕೊಡುವುದು. ಆದರೂ ವಾಲ್ಯೆವೊ ಊರಿನಲ್ಲಿ ಯಾವ ನೆಂಟರ ಮನೆಗೆ ಹೋದರೂ ಕಾಫಿಗಿಂತ ಮೊದಲು ಕೆಟ್ಟ ಕಂಪ್ಯೂಟರು ಎದುರಿಗೆ ಬರುತ್ತಿತ್ತು. ಈ ಶನಿವಾರದ ಸರದಿ ಮಿಲುಟಿನ್ ದೊಡ್ಡಪ್ಪನದು.

"ತೆರೆದರೆ ಸಾಕು, ನೀವು ಫೋನ್ ಗೆದ್ದಿದೀರಿ ಅಂತ ಯಾವಳೋ ಬಂದು ಕುಣೀತಾಳೆ," ಅಂದರು ವೆರಾ ದೊಡ್ಡಮ್ಮ. "ನಿನ್ನ ದೊಡ್ಡಪ್ಪ ದಿನಾ ಗೆಲ್ತಾನೆ. ಇವತ್ತಿನವರೆಗೂ ಒಂದು ಫೋನೂ ಮನೆಗೆ ಬಂದಿಲ್ಲ."

"ದಾರೀಲಿದೆ," ಎಂದು ಸೋಫಾದ ಮೂಲೆಯಿಂದ ದೊಡ್ಡಪ್ಪ ಪಿಸುಗುಟ್ಟಿದರು.

ಅವರಿಗೆ ಈಗ ಇದ್ದದ್ದು ಪಿಸುಮಾತು ಮಾತ್ರ. ಹಿಂದೆ ಅವರು ಊರಿನ ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೊತ್ತು ಕೂಗಿ ಹೇಳುವವರಾಗಿದ್ದರು. ಅವರ ದನಿ ಧ್ವನಿವರ್ಧಕದಲ್ಲಿ ಕೇಳಿದರೆ ಸಂತೆಯಲ್ಲಿದ್ದ ಹೆಂಗಸರು ತರಕಾರಿ ಕೈಬಿಟ್ಟು ಓಡುತ್ತಿದ್ದರು. ಆಮೇಲೆ ಗಂಟಲಿನ ಆಪರೇಷನ್ ಆಯಿತು, ಜೀವ ಉಳಿಯಿತು, ದನಿ ಹೋಯಿತು. ಆಸ್ಪತ್ರೆಗೆ ಹೊರಡುವ ಮುನ್ನ ಅವರು ಬಾಗಿಲು ಹಾಕಿಕೊಂಡು ಈ ಕಂಪ್ಯೂಟರಿನ ಮುಂದೆ ಕೂತು ಏನೋ ಮಾತಾಡಿ ಇಟ್ಟಿದ್ದರು. "ನಿನಗೆ ಅಂತ ಒಂದು ಇಟ್ಟಿದೀನಿ. ನಿನ್ನ ಹೆಸರಲ್ಲೇ ಇದೆ," ಎಂದು ಹೆಂಡತಿಗೆ ಆಮೇಲೆ ಪಿಸುಗುಟ್ಟಿದ್ದರು. ದೊಡ್ಡಮ್ಮ ಕೇಳಿರಲಿಲ್ಲ. ಮೊದಮೊದಲು ಧೈರ್ಯ ಬರಲಿಲ್ಲ. ಆಮೇಲೆ, ಮನೆಯಲ್ಲೇ ಇದೆಯಲ್ಲ, ಎಲ್ಲಿ ಹೋಗುತ್ತೆ ಅಂದುಕೊಂಡರು.

ಈಗ ಅದು ಹೋಗುವ ಕಾಲ ಬಂದಿತ್ತು.

"ಇದಕ್ಕೆ ವೈರಸ್ ಹೊಕ್ಕಿದೆ," ದುನ್ಯಾ ಅಂದಳು. "ಎಲ್ಲ ಒರೆಸಿ ಸಿಸ್ಟಮ್ಮನ್ನ ಹೊಸದಾಗಿ ಹಾಕಬೇಕು. ಇದ್ದದ್ದೆಲ್ಲ ಎತ್ತಿಟ್ಟುಕೊಂಡರೆ ವೈರಸ್ಸೂ ಜೊತೆಗೇ ಬರುತ್ತೆ. ಬೇಕಾದ್ದು ಮಾತ್ರ ಹೇಳಿ, ಪೆನ್‌ಡ್ರೈವಿಗೆ ಹಾಕ್ತೀನಿ."

"ಫೋಟೋ," ಅಂದರು ದೊಡ್ಡಮ್ಮ. ಮೇಜುಬಟ್ಟೆಯ ಅಂಚನ್ನು ಮಡಿಸಿದರು, ಬಿಡಿಸಿದರು. "ಮತ್ತೆ, ಅದು."

ದುನ್ಯಾ ವೆರಾ ಎಂದು ಹುಡುಕಿದಳು. ಸಮುದ್ರದಂಡೆಯ ವೆರಾ, ಮದುವೆಮನೆಯ ವೆರಾ, ಹಂದಿಮರಿಯನ್ನು ಎತ್ತಿಕೊಂಡ ವೆರಾ, ಎಲ್ಲ ಬಂದರು. ಎಲ್ಲವೂ ನೆಂಟರು ಕಳಿಸಿದ ಫೋಟೋ. ದನಿ ಎಂಬುದು ಒಂದೂ ಇಲ್ಲ.

"ಎಲ್ಲಿಟ್ಟಿದೀರಿ ದೊಡ್ಡಪ್ಪ?"

ಅವರು ಭುಜ ಹಾರಿಸಿದರು. "ಇಟ್ಟೆ. ಎಲ್ಲಿ ಅಂತ ನೆನಪಿಲ್ಲ."

"ಸಾವಿರ ಬಸ್ಸು ಎಲ್ಲಿ ನಿಲ್ಲುತ್ತೆ ಅಂತ ನೆನಪಿತ್ತು ಇವನಿಗೆ," ಅಂದರು ದೊಡ್ಡಮ್ಮ.

ದುನ್ಯಾ ದೊಡ್ಡಪ್ಪನ ಹಾಡುಗಳ ರಾಶಿಗೆ ಕೈಹಾಕಿದಳು. ಅಕಾರ್ಡಿಯನ್ ಹಾಡುಗಳೇ ಒಂದು ಗುಡ್ಡ. ಒಂದೊಂದಾಗಿ ಕೇಳುತ್ತ ಕೂತರೆ ಕ್ರಿಸ್‌ಮಸ್ಸಿಗೂ ಮುಗಿಯುವುದಿಲ್ಲ. ನಡುವೆ ಇಂಗ್ಲಿಷ್ ಹೆಸರಿನ ಕಸವೂ ಬೇಕಾದಷ್ಟಿತ್ತು. "ಬೆಪಾ ಅಂತೆ. ಇದೊಂದು ವೈರಸ್ಸೇ ಇರಬೇಕು," ಎಂದು ಗೊಣಗಿ ಮುಂದಕ್ಕೆ ಹೋದಳು. ಕೊನೆ ಮುಟ್ಟಿದಳು. ಸಿಗಲಿಲ್ಲ.

"ಬಿಡಮ್ಮ," ದೊಡ್ಡಪ್ಪ ಪಿಸುಗುಟ್ಟಿದರು. "ಒರೆಸಿಬಿಡು. ಮನುಷ್ಯ ಇಲ್ಲೇ ಇದಾನಲ್ಲ."

ದೊಡ್ಡಮ್ಮ ಮೇಜುಬಟ್ಟೆಯ ಮಡಿಕೆಯನ್ನು ಅಂಗೈಯಿಂದ ತೀಡಿ ಎದ್ದರು.

"ಮೊದಲು ತಿನ್ನು," ಅಂದರು. ಒಳಗಿಂದ ಬ್ರೆಡ್ಡು, ಚೀಸು, ಈ ಚಳಿಗಾಲಕ್ಕೆಂದು ತುಂಬಿಟ್ಟಿದ್ದ ಐವಾರಿನ ಬಾಟಲಿ ತಂದಿಟ್ಟರು. ಕೆಂಪು ದಪ್ಪಮೆಣಸಿನಕಾಯಿ ಸುಟ್ಟು, ಅರೆದು, ಎಣ್ಣೆಯಲ್ಲಿ ಬೇಯಿಸಿದ್ದು. ಬಾಟಲಿಗೆ ಚೀಟಿ ಅಂಟಿಸುವುದು ದೊಡ್ಡಪ್ಪನ ಕೆಲಸ. ನಿಲ್ದಾಣದ ಹಲಗೆ ಬರೆದ ಕೈ ಅದು, ಅಲ್ಲಿನ ಲಿಪಿಯಾದ ಸಿರಿಲಿಕ್‌ನ ದಪ್ಪ ಅಕ್ಷರ.

ದುನ್ಯಾ ಮುಚ್ಚಳ ತಿರುಗಿಸುತ್ತ ಚೀಟಿ ನೋಡಿದಳು. ಐವಾರ್. ಅವಳ ಕೈ ನಿಂತಿತು.

ಇಡೀ ಬೆಳಗ್ಗೆ ಇಂಗ್ಲಿಷ್ ಹೆಸರುಗಳನ್ನೇ ನೋಡಿ ನೋಡಿ ಅವಳ ಕಣ್ಣು ಅವುಗಳ ಲ್ಯಾಟಿನ್ ಅಕ್ಷರಕ್ಕೆ ಒಗ್ಗಿಹೋಗಿತ್ತು. ವೆರಾ ಎಂದು ಹುಡುಕಿದ್ದೂ ಅದೇ ಅಕ್ಷರದಲ್ಲಿ. ದೊಡ್ಡಪ್ಪ ಜನ್ಮದಲ್ಲಿ ಲ್ಯಾಟಿನ್ ಅಕ್ಷರದಲ್ಲಿ ಏನೂ ಬರೆದವರಲ್ಲ. ಚೀಟಿಯ ಮೇಲೆ ಇಂಗ್ಲಿಷಿನ ಬಿ ಹಾಗೆ ಕಾಣುವುದು ಸಿರಿಲಿಕ್‌ನಲ್ಲಿ ವ. ಪಿ ಹಾಗೆ ಕಾಣುವುದು ರ.

"ಅಯ್ಯೋ ದೊಡ್ಡಮ್ಮ," ಅಂದಳು. "ನಾನು ನಿನ್ನನ್ನೇ ವೈರಸ್ ಅಂದೆ."

"ಏನಂದೆ?"

"ಬೆಪಾ ಅಲ್ಲ ಅದು. ವೆರಾ."

ಎಣ್ಣೆಗೈಯನ್ನು ಲಂಗಕ್ಕೆ ಒರೆಸಿಕೊಂಡು ಅವಳು ರಾಶಿಯೊಳಗೆ ವಾಪಸು ಹೋದಳು. ಕಂಪ್ಯೂಟರು ಯೋಚಿಸಿತು, ಆ ಫೋನಿನವಳು ಒಮ್ಮೆ ಕುಣಿದು ಹೋದಳು, ಆಮೇಲೆ ದನಿ ಬಂತು.

"ಗಮನಿಸಿ, ಗಮನಿಸಿ. ಆಸ್ಪತ್ರೆಯಿಂದ ಮನೆಗೆ ಬರಬೇಕಾದ ಮಿಲುಟಿನ್ ಕೆಲವು ದಿನ ತಡವಾಗಿ ಬರುತ್ತಾರೆ. ಅವರನ್ನು ಕಾಯುತ್ತಿರುವ ವೆರಾ ಅವರು ದಯವಿಟ್ಟು ಒಂದನೇ ಪ್ಲಾಟ್‌ಫಾರ್ಮಿನಲ್ಲೇ ಇರಬೇಕಾಗಿ ವಿನಂತಿ. ಆದ ತೊಂದರೆಗೆ ಕ್ಷಮೆ ಇರಲಿ." ಒಂದು ಕೆಮ್ಮು. "ಮತ್ತೆ ಬೀನ್ಸ್ ಸಾರಿಗೆ ಉಪ್ಪು ಸ್ವಲ್ಪ ಕಡಿಮೆ ಹಾಕು."

ಕಿಟಕಿಯ ಗಾಜು ಅದುರುವಂಥ ದನಿ. ಅದು ನಿಂತಮೇಲೂ ಕೋಣೆ ತುಂಬಿಕೊಂಡೇ ಇತ್ತು.

ದೊಡ್ಡಮ್ಮ ಕಣ್ಣೊರೆಸಿಕೊಂಡರು, ಮೂಗೂ ಒರೆಸಿಕೊಂಡರು. "ನೋಡಿದೆಯಾ ದುನ್ಯಾ," ಅಂದರು. "ಸಾಯೋ ಭಯದಲ್ಲಿ ಕೂತಾಗಲೂ ಇವನ ಬಾಯಲ್ಲಿ ಬಂದದ್ದು ಉಪ್ಪು."

"ಕಡಿಮೆ ಮಾಡಿದೆಯಾ?" ದೊಡ್ಡಪ್ಪ ಪಿಸುಗುಟ್ಟಿದರು.

"ಕೇಳಿದ್ದೇ ಈಗಲ್ಲವಾ."

ದುನ್ಯಾ ಅದನ್ನು ಪೆನ್‌ಡ್ರೈವಿಗೆ ಹಾಕಿದಳು, ತನ್ನ ಫೋನಿಗೆ ಹಾಕಿಕೊಂಡಳು, ದೊಡ್ಡಮ್ಮನ ಫೋನಿಗೂ ಹಾಕಿದಳು. ಮತ್ತೆ ಮತ್ತೆ ತೆರೆದು ನೋಡಿದಳು.

"ಸಾಕು ಮಗಳೇ," ದೊಡ್ಡಪ್ಪ ನಕ್ಕರು. "ಇರೋ ಒಬ್ಬ ಪ್ರಯಾಣಿಕನಿಗೆ ಮೂರು ಬಸ್ಸು."

"ಒರೆಸಲಾ?" ದುನ್ಯಾ ಕೇಳಿದಳು. ಬೆಳಗ್ಗೆಯಿಂದ ಆಡಲು ಹೆದರುತ್ತಿದ್ದ ಮಾತು ಈಗ ಎಷ್ಟು ಹಗುರಾಗಿ ಬಂತೆಂದು ಅವಳಿಗೇ ಆಶ್ಚರ್ಯವಾಯಿತು.

"ಒರೆಸು, ಒರೆಸು. ಆ ಫೋನಿನವಳನ್ನ ಮೊದಲು ಒರೆಸು," ಎನ್ನುತ್ತ ದೊಡ್ಡಮ್ಮ ತಮ್ಮ ಫೋನು ಹಿಡಿದು ಅಡುಗೆಮನೆಗೆ ನಡೆದರು.

ದುನ್ಯಾ ಗುಂಡಿ ಒತ್ತಿದಳು. ಪರದೆ ಕಪ್ಪಾಯಿತು. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದಿನ ನಡುವೆ ಗಮನಿಸಿ, ಗಮನಿಸಿ ಎಂದು ಮೊದಲಿನಿಂದ ಶುರುವಾಯಿತು. ದೊಡ್ಡಪ್ಪ ಚಪ್ಪಲಿ ಮೆಟ್ಟಿಕೊಂಡು, ಸಾರಿನ ರುಚಿ ನೋಡಲು ಎದ್ದರು.