ದೀಪ ದೊಡ್ಡದಾದ ಮೇಲೆ

"ಇನ್ನು ಯಾವತ್ತೂ ನಿನ್ನ ಅರಸೀಕೆರೆಗೆ ಬಸ್ಸಲ್ಲಿ ಕರ್ಕೊಂಡು ಹೋಗಲ್ಲ ಪುಟ್ಟಿ, ಕಾರಲ್ಲೇ ಕರ್ಕೊಂಡು ಹೋಗ್ತೀನಿ" ಎಂದು ಮಗಳಿಗೆ ಮಾತು ಕೊಟ್ಟಾಗ ಅವಳಿಗೆ ಆರು ವರ್ಷ. ನನ್ನ ಹತ್ತಿರ ಇದ್ದದ್ದು ಒಂದು ಸೈಕಲ್. ಬಸ್ಸು ಹಳೇಬೀಡು ದಾಟುತ್ತಲೇ ಅವಳು ನನ್ನ ಶರ್ಟಿನ ಮೇಲೆ ಮಾಡಿದ ವಾಂತಿ ಇನ್ನೂ ಒಣಗಿರಲಿಲ್ಲ. ಅಂಥ ಹೊತ್ತಿನಲ್ಲಿ ಮನುಷ್ಯ ಏನು ಬೇಕಾದರೂ ಮಾತು ಕೊಡುತ್ತಾನೆ.

ಯಶೋಧರಾ ಒಂಬತ್ತು ವರ್ಷ ಅದನ್ನು ಮರೆಯಲಿಲ್ಲ. 2008ರ ಜನವರಿಯಲ್ಲಿ ಅವಳ ಖೊಖೊ ತಂಡ ಧಾರವಾಡಕ್ಕೆ ಹೊರಟಿತು. ಬೆಳಿಗ್ಗೆ ಎಂಟಕ್ಕೆ ಅರಸೀಕೆರೆ ಸ್ಟೇಷನ್ನಿನಲ್ಲಿ ಎಲ್ಲರೂ ಸೇರಬೇಕು. ರೈಲು ಯಾರಿಗೂ ಕಾಯುವುದಿಲ್ಲ.

"ಕಾರಲ್ಲೇ ತಾನೇ ಅಪ್ಪಾಜಿ?"

ಕಾರು ಬಂದು ಎರಡು ತಿಂಗಳಾಗಿತ್ತು. ಎಂಟು ವರ್ಷ ಹಳೆಯ ಟರ್ಬೊ ಡೀಸೆಲ್. ಮಧ್ಯಾಹ್ನ ನೋಡಬೇಕು ಅದರ ಗತ್ತು, ಸಿಳ್ಳೆ ಹಾಕುತ್ತ ಏರು ಹತ್ತುತ್ತದೆ. ಬೆಳಿಗ್ಗೆ ಎಂಜಿನ್ ತಣ್ಣಗಿದ್ದರೆ ಮಾತ್ರ ಜ್ವರ ಬಂದವನ ಹಾಗೆ ಗಡಗಡ ನಡುಗಿ, ಬೀದಿ ತುಂಬ ಬಿಳಿ ಹೊಗೆ ಬಿಟ್ಟು, ಎರಡು ಸಲ ನಿಂತು, ಮೂರನೇ ಸಲ ಮನಸ್ಸು ಮಾಡುತ್ತದೆ. ಎದುರು ಮನೆಯ ಅನುಸೂಯಮ್ಮ ಅಷ್ಟರಲ್ಲಿ ಒಣಹಾಕಿದ ಬಟ್ಟೆ ಒಳಗೆ ತೆಗೆದುಕೊಂಡಿರುತ್ತಾರೆ.

ನಮ್ಮ ಬೇಲೂರಿನ ಮೆಕ್ಯಾನಿಕ್ ಗುರುಮೂರ್ತಿ ಕಿವಿಗೊಟ್ಟು ಕೇಳಿ, "ಟರ್ಬೊ ಹೋಗೈತೆ ಸಾರ್, ಬಿಚ್ಚಬೇಕು" ಅಂದ.

"ಟರ್ಬೊ ಅಂದ್ರೆ ಏನ್ಲಾ?" ಎಂದಳು ಜಗಲಿಯ ಮೇಲೆ ಕೂತಿದ್ದ ನನ್ನವ್ವ ಲಕ್ಕಮ್ಮ.

"ಎಂಜಿನ್ನಿಗೆ ಗಾಳಿ ಊದೋದು ಕಣವ್ವ."

"ಊದುಗೊಳವೆ ಅನ್ನು. ಒಲೆನೇ ಹತ್ತಿಲ್ಲ, ಊದುಗೊಳವೆ ಬಿಚ್ಚಿ ಏನ್ ಮಾಡ್ತೀರಪ್ಪಾ?"

ಗುರುಮೂರ್ತಿ ನಕ್ಕ. ನಾನೂ ನಕ್ಕೆ. ಆದರೂ ಬಿಚ್ಚಿಸಲು ಧೈರ್ಯವಾಗದೆ ಹಳೇಬೀಡಿನ ಕರಿಬಸವಯ್ಯನವರನ್ನು ಕರೆಸಿದೆ. ಈ ಕಾರು ಕೊಡಿಸಿದವರೇ ಅವರು. ಹಣೆ ತುಂಬ ವಿಭೂತಿ, ಉಗುರಿನ ತುಂಬ ಗ್ರೀಸು. ರಾತ್ರಿಯೆಲ್ಲ ಇಬ್ಬನಿಯಲ್ಲಿ ನೆಂದ ಕಾರಿನಲ್ಲಿ ಕೂತು, ಕೀಲಿ ತಿರುವಿ, ಏನೋ ಮಣಮಣ ಜಪಿಸಿ, ಸೆಲ್ಫ್ ಹೊಡೆದರು. ಒಂದೇ ಏಟಿಗೆ ಎಂಜಿನ್ ಬೆಕ್ಕಿನ ಹಾಗೆ ಗುರ್‌ಗುಟ್ಟಿತು.

"ಏನಾಗೈತೆ ಇದಕ್ಕೆ? ಹೀಟರ್ ಪ್ಲಗ್ ನಾಲ್ಕೂ ಸರಿ ಅವೆ. ಅವತ್ತೇ ಹೇಳಿದ್ನಲ್ಲ ಸಾರ್, ಕೀಲಿ ತಿರುವಿದ್ರೆ ಮೀಟರ್ ಹತ್ರ ಹತ್ತೋ ಆ ಸುರುಳಿ ದೀಪ ದೊಡ್ಡದಾದ ಮೇಲೆ ಸೆಲ್ಫ್ ಹೊಡೀರಿ ಅಂತ!"

"ಹಂಗೇ ಹೊಡೀತಾ ಇದ್ದೀನಲ್ರೀ."

ಮಾರನೇ ದಿನ ನಾನು ಸೆಲ್ಫ್ ಹೊಡೆದರೆ ಕಾರಿಗೆ ಮತ್ತೆ ಅದೇ ನಡುಕ, ಅದೇ ಹೊಗೆ. ಅವರ ಕೈಗುಣ ದೊಡ್ಡದು ಎಂದುಕೊಂಡೆ. "ಹಂಗಾದ್ರೆ ಹೊರಡೋ ದಿನ ಅವರನ್ನೇ ಕರೆಸಿ, ಮುಟ್ಟಿ ಹೋಗ್ಲಿ" ಎಂದಳು ಹೆಂಡತಿ ಮೀನಾಕ್ಷಿ.

ಆ ಬೆಳಿಗ್ಗೆ ಆರಕ್ಕೆಲ್ಲ ಯಶೋಧರಾ ಬ್ಯಾಗು ಹೊತ್ತು ನಿಂತಿದ್ದಳು. ಕೈಯಲ್ಲಿ ನಿಂಬೆಹಣ್ಣು.

"ಅದ್ಯಾಕೆ?"

"ಬಸ್ಸಲ್ಲಿ ಮೂಸೋಕೆ. ಆರೂಕಾಲಿಗೆ ಒಂದು ಬಸ್ಸಿದೆ, ವಿಚಾರಿಸಿದ್ದೀನಿ."

ಕೀಲಿ ತಿರುವಿದೆ. ಹಳದಿ ಸುರುಳಿ ದೀಪ ಫಳಾರನೆ ಹೊತ್ತಿತು, ತಕ್ಷಣ ಸೆಲ್ಫ್ ಹೊಡೆದೆ. ಗಡಗಡ. ಹೊಗೆ. ನಿಂತಿತು. ಇನ್ನೊಮ್ಮೆ. ನಿಂತಿತು. ಮಗಳು ಬಸ್‌ ಸ್ಟ್ಯಾಂಡಿನ ಕಡೆ ಮುಖ ಮಾಡಿದಳು.

"ದೀಪ ದೊಡ್ಡದಾಗೇ ಇದೆಯಲ್ಲ, ಇನ್ನೆಷ್ಟು ದೊಡ್ಡದಾಗಬೇಕು ಇದು!" ಎಂದು ಸ್ಟೇರಿಂಗ್‌ ಗುದ್ದಿದೆ.

"ಏನಂದೆ?" ಎಂದು ಅವ್ವ ಕಿಟಕಿಗೆ ಬಂದಳು. "ದೀಪ ದೊಡ್ಡದಾಗಬೇಕು ಅಂತ ಯಾರಂದ್ರು?"

"ಕರಿಬಸವಯ್ಯನೋರು."

ಅವ್ವ ಕಾರಿನ ಬಾಗಿಲು ಹಿಡಿದುಕೊಂಡು ನಕ್ಕಳು. ನಕ್ಕು ನಕ್ಕು ಕೆಮ್ಮಿದಳು. "ಅಯ್ಯೋ ಮಂಕೆ! ವಿಭೂತಿ ಹಚ್ಚೋ ಆ ಮನೆಯೋರು ದೀಪ ಆರ್ತು ಅಂತ ಬಾಯಲ್ಲಿ ಅಂತಾರೇನೋ? ಅಪಶಕುನ. ದೊಡ್ಡದಾಯ್ತು ಅಂತಾರೆ. ದೊಡ್ಡದಾಗೋದು ಅಂದ್ರೆ ಆರೋದು ಕಣೋ!"

ನಮ್ಮ ಮನೆಯಲ್ಲಿ ಬುದ್ಧನ ಮುಂದಿನ ಮೇಣದಬತ್ತಿಯನ್ನು ಆರಿಸುವುದಕ್ಕೆ ಆರಿಸುವುದು ಎಂದೇ ಅನ್ನುತ್ತೇವೆ. ಎರಡು ತಿಂಗಳು ಹೀಟರ್ ಪ್ಲಗ್ ಬಿಸಿಯಾಗಿ ದೀಪ ಆರುವ ಮುಂಚೆಯೇ ತಣ್ಣನೆ ಎಂಜಿನ್ನನ್ನು ಎಬ್ಬಿಸಿ ಕೂರಿಸುತ್ತಿದ್ದವನು ನಾನೇ. ಕರಿಬಸವಯ್ಯನವರ ಜಪ ದೀಪ ಆರುವವರೆಗಿನ ಹೊತ್ತು ಕಳೆಯುವುದಕ್ಕೆ, ಅಷ್ಟೇ.

ಕೀಲಿ ತಿರುವಿದೆ. ದೀಪ ಹೊತ್ತಿತು. ಕೈ ಕಟ್ಟಿ ಕೂತೆ. ಮೀನಾಕ್ಷಿ, "ನೀವೂ ಏನಾದ್ರೂ ಜಪ ಮಾಡ್ರೀ" ಅಂದಳು. ದೀಪ ಆರಿತು. ಸೆಲ್ಫ್ ಹೊಡೆದೆ. ಒಂದೇ ಏಟು. ಎದುರು ಮನೆ ಅನುಸೂಯಮ್ಮ ಅಭ್ಯಾಸಬಲದಿಂದ ಬಟ್ಟೆ ತೆಗೆಯಲು ಬಂದವರು, ಹೊಗೆ ಕಾಣದೆ ಪೆಚ್ಚಾಗಿ ಒಳಗೆ ಹೋದರು.

ಹಳೇಬೀಡು ದಾಟುತ್ತಲೇ ಮಗಳು "ನಿಲ್ಸಿ ಅಪ್ಪಾಜಿ" ಎಂದು ನನ್ನ ತೋಳು ಹಿಡಿದಳು. ನಿಲ್ಲಿಸುವಷ್ಟರಲ್ಲಿ ಆಗಿಹೋಗಿತ್ತು. ಹೊಸ ಶರ್ಟು. ಒಂಬತ್ತು ವರ್ಷ ಪಾಪದ ಬಸ್ಸನ್ನು ಬೈದಿದ್ದೆವು. ಎಂಜಿನ್ ಆರಿಸದೆಯೇ ಒರೆಸಿಕೊಂಡೆ.

ಏಳೂ ಮುಕ್ಕಾಲಿಗೆ ಅರಸೀಕೆರೆ ಸ್ಟೇಷನ್ ತಲುಪಿದೆವು. ಕಾರಲ್ಲೇ ಕರೆದುಕೊಂಡು ಹೋದೆ.