ಆರ್ಲಿಯ ಖಾಲಿ ಕೋವಿ

ಅಮೆರಿಕದ ಕೆಂಟಕಿ ಗುಡ್ಡದ ಸಂದೀಲಿ ಆರ್ಲಿ ಸ್ಟಂಪರ್ ಅಂತ ಒಬ್ಬ. ಅವನು ಸಿಟ್ಟಲ್ಲಿ ಕೂಗಿದ್ರೆ ಆಚೆ ಗುಡ್ಡದ ಕೋಳಿಗಳು ವಾರಗಟ್ಟಲೆ ಮೊಟ್ಟೆ ಇಡ್ತಿರ್ಲಿಲ್ಲ. ನಂಬಿಕೆ ಇಲ್ದಿದ್ರೆ ಕೋಳಿಗಳನ್ನೇ ಕೇಳಿ.

ಈ ಸಲ ಸಿಟ್ಟು ಬಂದು ಮೂರು ದಿನ ಆಗಿತ್ತು. ಹೆಂಡ್ತಿ ಲೊರೆನಾಳ ಎದೆನೋವಿನ ಮಾತ್ರೆ ಅಂಚೇಲಿ ಬರ್ಬೇಕು. ಹಳೇ ಅಂಚೆಯವನು ಬೆನ್ನುನೋವಂತ ಮಲಗಿದ್ದ. ಅವನ ಬದ್ಲಿಗೆ ಟ್ವೈಲಾ ಅಂತ ಒಬ್ಳು ಬರ್ತಿದ್ಲು. ತನ್ನದೇ ನೀಲಿ ಕಾರು, ಮಾಮೂಲಿ ಬಟ್ಟೆ. ಮನೆ ಮುಂದಿನ ಅಂಚೆ ಡಬ್ಬಿ ಹತ್ರ ನಿಲ್ಲಿಸ್ತಾಳೆ, ಎರಡು ಸಲ ಹಾರ್ನ್ ಹೊಡೀತಾಳೆ, ಮಾತ್ರೆ ಹಾಕ್ದೆ ಹೊರಟೇ ಹೋಗ್ತಾಳೆ. ಇನ್ನು ಎರಡೇ ದಿನಕ್ಕಾಗೋಷ್ಟು ಮಾತ್ರೆ ಉಳಿದಿತ್ತು.

ಆರ್ಲಿ ಗೋಡೆಯಿಂದ ಜಿಂಕೆ ಬೇಟೆ ಕೋವಿ ಇಳಿಸಿದ. ಹೆಂಡ್ತಿ ಕಣ್ಣೆದುರೇ ಗುಂಡುಗಳನ್ನ ತೆಗೆದು ಮೇಜಿನ ಮೇಲಿಟ್ಟ.

"ನಾಳೆ ಡಬ್ಬಿ ಪಕ್ಕ ನಿಂತು ಇದನ್ನ ಅವಳ ಕಡೆ ಹಿಡೀತೀನಿ. ಗುಂಡಿಲ್ಲ. ಅವಳನ್ನ ಮುಟ್ಟೋದೂ ಇಲ್ಲ. ಬರೀ ಹೆದ್ರಿಸ್ತೀನಿ."

ಅಷ್ಟೊತ್ತಿಗೆ ಪಕ್ಕದ್ಮನೆ ಓಪಲಕ್ಕ ಬೇಯಿಸಿದ ಅವರೆ ಹಿಡ್ಕೊಂಡು, ಅವನ ಮಾತು ಬಾಗಿಲಲ್ಲೇ ಕೇಳಿಸ್ಕೊಂಡು ಒಳಗ್ಬಂದ್ಲು. ಹೋದ್ವರ್ಷ ತಪ್ಪು-ಸರಿ ತೀರ್ಮಾನಿಸೋ ಜ್ಯೂರಿಲಿ ಕೂರೋಕೆ ಕರೆ ಬಂದು, ಹನ್ನೊಂದು ದಿನ ಕೋರ್ಟಲ್ಲಿ ಕೂತು ಬಂದವಳು. ಅವತ್ತಿಂದ ಅವಳ ಬಾಯಿಗೆ ಬೀಗ ಇಲ್ಲ.

"ಏನೋ ಆರ್ಲಿ, ಜೈಲಿಗೆ ಬಟ್ಟೆ ಕಟ್ಕೊಂಡ್ಯಾ?"

"ಜೈಲು ಯಾಕಕ್ಕ? ಏಟು ಬಿದ್ರೆ ತಾನೇ ಹಲ್ಲೆ?"

"ನಾನೂ ಹಂಗೇ ಅಂದ್ಕೊಂಡಿದ್ದೆ. ಜಡ್ಜು ಬಿಡಿಸಿ ಹೇಳಿದ್ರು. ಏಟು ಬೀಳ್ಬೇಕು ಅಂತಿಲ್ಲ. ಬೇಕಂತಲೇ ಹೆದ್ರಿಸ್ಬೇಕು, ಈಗಲೇ ಏಟು ಬಿತ್ತು ಅಂತ ಎದುರಿನವರು ಹೆದ್ರೋಕೆ ಕಾರಣ ಇರ್ಬೇಕು. ಅಷ್ಟಿದ್ರೆ ಹಲ್ಲೆ. ಬರೀ ಬಾಯಲ್ಲಿ ಬೈದ್ರೆ ಸಾಮಾನ್ಯವಾಗಿ ಹಲ್ಲೆ ಆಗಲ್ಲ."

"ಕೋವಿ ಖಾಲಿ ಅಲ್ವಾ!"

"ಖಾಲಿ ಅಂತ ಅವಳಿಗೆ ಕನಸು ಬೀಳುತ್ತಾ? ಖಾಲಿ ಕೋವೀನೂ ಅಪಾಯದ ಆಯುಧ ಅಂತಲೇ ಕೋರ್ಟುಗಳು ನೋಡೋದು. ಅಂಚೆಯವರು ಕೇಂದ್ರ ಸರ್ಕಾರದೋರು ಕಣೋ. ಕೆಲಸದ ಮೇಲಿದ್ದಾಗ ಅವರ ಮೇಲೆ ಆಯುಧ ಹಿಡಿದ್ರೆ ಇಪ್ಪತ್ತು ವರ್ಷದ ತನಕ ಹಾಕ್ಬಹುದು."

"ಸರ್ಕಾರದೋಳು ಅಂತ ಮುಖದ ಮೇಲೆ ಬರೆದಿದ್ಯಾ? ಗೊತ್ತಿರ್ಲಿಲ್ಲ ಅಂತೀನಿ."

"ಹೇಳು. ನೀನು ಬೇಕಂತಲೇ ಹೆದ್ರಿಸಿದ್ಯಾ ಅಂತ ನೋಡ್ತಾರೆ. ಅವಳು ಯಾರು ಅಂತ ನಿಂಗೆ ಗೊತ್ತಿರ್ಲೇಬೇಕು ಅಂತ ಏನಿಲ್ಲ."

"ಅಯ್ಯೋ, ನಿಂದೊಂದು ಪುರಾಣ! ಹಿಂಗೆ ಹಿಡಿದ್ರೆ ಯಾರು ಸಾಯ್ತಾರೆ?" ಅಂತ ಆರ್ಲಿ ಕೋವಿ ಎತ್ತಿ ಗಿರ್ರಂತ ತಿರುಗಿದ. ಕೋವಿ ಬಾಯಿ, ಒಲೆ ಹತ್ರ ನಿಂತಿದ್ದ ಲೊರೆನಾ ಕಡೆ ಹೋಯ್ತು.

ಲೊರೆನಾ ಕಿಟಾರನೆ ಕಿರುಚಿದ್ಲು. ಕೈಲಿದ್ದ ಜೋಳದ ರೊಟ್ಟಿ ತಟ್ಟೆ ನೆಲಕ್ಕೆ ಬಿತ್ತು. ಅವಳು ಎದೆ ಹಿಡ್ಕೊಂಡು ಕುರ್ಚೀಲಿ ಕುಸಿದ್ಲು.

"ಲೊರೆನಾ, ಖಾಲಿ ಕಣೇ! ನಿನ್ನೆದುರಿಗೇ ತೆಗೆದ್ನಲ್ಲೇ!"

"ಗೊತ್ತಿತ್ತು," ಅಂದ್ಲು ಅವಳು, ಏದುಸಿರು ಬಿಡ್ತಾ. "ಆದ್ರೂ ಜೀವ ಹೋದಂಗಾಯ್ತು."

ಆರ್ಲಿ ಕೋವಿ ಕೆಳಗಿಳಿಸಿದ. ಗುಂಡು ತೆಗೆದಿದ್ದನ್ನ ನೋಡಿದೋಳೇ ಹಿಂಗಾದ್ರೆ, ನೋಡದೇ ಇರೋ ಆ ಟ್ವೈಲಾ ಗತಿ ಏನು? ಅವನು ಕೋವೀನ ಗೋಡೆಗೆ ನೇತುಹಾಕಿದ. ಗುಂಡುಗಳನ್ನ ಡ್ರಾಯರಿಗೆ ಹಾಕಿ ಬೀಗ ಜಡಿದ.

"ಅದೆಲ್ಲ ಇರ್ಲಿ," ಅಂದ್ಲು ಓಪಲಕ್ಕ. "ಡಬ್ಬಿ ಕೆಳಗೆ ಮಲಗಿರೋ ಆ ಕರುವಿನ ಗಾತ್ರದ್ದು ಯಾರ್ದು?"

"ಬಿಸ್ಕಿಟ್ಟಾ? ನಮ್ಮ ನಾಯಿ ಪಾಪದ್ದು."

"ಪಾಪದ್ದೇ. ನನ್ನ ಲಂಗ ಎರಡು ಸಲ ಹರಿದಿದೆ. ಕಟ್ಟಿಹಾಕು ಅಂತಲೇ ಆ ಹುಡುಗಿ ಹಾರ್ನ್ ಹೊಡಿಯೋದು ಕಣೋ ಮಂಕೆ!"

ಮಾರನೇ ದಿನ ಆರ್ಲಿ ಬಿಸ್ಕಿಟ್‌ನ ಸೇಬಿನ ಮರಕ್ಕೆ ಕಟ್ಟಿ, ಡಬ್ಬಿ ಪಕ್ಕ ಬರಿಗೈಲಿ ನಿಂತ. ನೀಲಿ ಕಾರು ಬಂತು. ಟ್ವೈಲಾ ಗಾಜನ್ನ ನಾಲ್ಕೇ ಬೆರಳು ಇಳಿಸಿದ್ಲು.

"ನಾಯಿ ಕಟ್ಟಿದ್ದೀರಾ?"

"ಕಟ್ಟಿದೀನಮ್ಮ. ತಪ್ಪಾಯ್ತು."

"ಅಬ್ಬ! ಮೂರು ದಿನದಿಂದ ಈ ಮಾತ್ರೆ ತರೋದು, ವಾಪಸ್ ಒಯ್ಯೋದು. ತಗೊಳ್ಳಿ. ನಿಮ್ಮ ಮನೆಯವ್ರು ಹೇಗಿದ್ದಾರೆ?"

ಆರ್ಲಿ ಮಾತ್ರೆ ಎದೆಗೊತ್ತಿ ಹಿಡ್ಕೊಂಡು ಮನೆಗೆ ಓಡಿದ. ಬಿಸ್ಕಿಟ್ ಬೊಗಳಿದ್ದು ಪಕ್ಕದ ಜಿಲ್ಲೆಗೂ ಕೇಳಿಸ್ತಂತೆ.

ಅಣ್ಣಂದಿರಾ, ಅಕ್ಕಂದಿರಾ, ಸಿಟ್ಟು ಎಲ್ರಿಗೂ ಬರುತ್ತೆ. 'ಮುಟ್ಟೇ ಇಲ್ಲ, ಗುಂಡೇ ಇರ್ಲಿಲ್ಲ' ಅನ್ನೋ ಮಾತು ಕೋರ್ಟಲ್ಲಿ ನಿಮ್ಮನ್ನ ಕಾಪಾಡಲ್ಲ. ಅಂಚೆಯವರ ಮೇಲೆ ದೂರು ಇದ್ರೆ ಅಂಚೆ ಕಚೇರೀಲಿ ಹೇಳಿ. ಕೋವಿ ಗೋಡೆ ಮೇಲೇ ಇರ್ಲಿ. ಮೊದ್ಲು ಹೋಗಿ ನಿಮ್ಮ ನಾಯಿ ಕಟ್ಟಿಹಾಕಿ.