ಮೆಕ್‌ಫೀ ಸಾಹೇಬರ ಊರಿನಲ್ಲಿ ಹಾಲು ಕರೆದದ್ದು

ವಿಲ್ಫ್ರೆಡ್ ಡಿಸಿಲ್ವ ಬಹ್ರೇನಿನ ಅವಾಲಿ ಪಟ್ಟಣದ ಒಂದು ಗುತ್ತಿಗೆ ಕಂಪನಿಯಲ್ಲಿ ಹೆಡ್‌ಕ್ಲರ್ಕ್. ಅವನ ಸಾಹೇಬ ಮೆಕ್‌ಫೀ ಸ್ಕಾಟ್ಲೆಂಡಿನವನು. ೧೯೮೩ರಲ್ಲಿ ಕೆಲಸ ಬಿಟ್ಟು ಊರಿಗೆ ಹೊರಟ ದಿನ ಮೆಕ್‌ಫೀ ಬೀಳ್ಕೊಡುಗೆಯ ಕೇಕು ತಿನ್ನುತ್ತ, ನಮ್ಮ ಕಡೆ ಬಂದರೆ ಖಂಡಿತ ಸಿಗಿ ಎಂದು ಎಲ್ಲರಿಗೂ ಹೇಳಿದ. ಡ್ರೈವರಿಗೂ ಹೇಳಿದ, ಚಹಾ ಮಾಡುವವನಿಗೂ ಹೇಳಿದ. ನಂಬಿದವನು ವಿಲ್ಫ್ರೆಡ್ ಒಬ್ಬನೇ.

ಮರುವರ್ಷದ ರಜೆಗೆ ತನ್ನೂರು ಕಿನ್ನಿಗೋಳಿ ಬೇಡ, ಸ್ಕಾಟ್ಲೆಂಡಿಗೆ ಹೋಗುವುದು ಎಂದು ಅವನು ತೀರ್ಮಾನಿಸಿದ. ಹೆಂಡತಿ ಜೋಸೆಫಿನ್ ಸಲ್ಮಾನಿಯಾ ಆಸ್ಪತ್ರೆಯಲ್ಲಿ ನರ್ಸ್, ಮಾತು ಕಡಿಮೆ. ಆ ಸಾಹೇಬರು ಹನ್ನೊಂದು ವರ್ಷ ಅವಾಲಿಯಲ್ಲಿದ್ದರಲ್ಲ, ಒಂದು ದಿನವಾದರೂ ನಿಮ್ಮನ್ನು ಮನೆಯೊಳಗೆ ಕರೆದದ್ದುಂಟಾ ಎಂದಷ್ಟೇ ಕೇಳಿದಳು. ಅದು ಕಂಪನಿಯ ಮನೆ, ಇದು ಅವರ ಸ್ವಂತ ಮನೆ, ವ್ಯತ್ಯಾಸ ಉಂಟು ಎಂದು ವಿಲ್ಫ್ರೆಡ್ ತಿಳಿಹೇಳಿದ. ಹೊರಡುವ ಮೊದಲೇ ಅವರು ವಾಸವಿದ್ದ ಹೂರಾ ಬಡಾವಣೆಯ ಅರ್ಧ ಜನಕ್ಕೆ ಸುದ್ದಿ ಮುಟ್ಟಿತ್ತು. ಉಳಿದರ್ಧಕ್ಕೆ ಅವನೇ ಮನೆಮನೆಗೆ ಹೋಗಿ ಹೇಳಿ ಬಂದ.

ಸಾಹೇಬನ ಊರಿಗೆ ತಲುಪಿ ಫೋನು ಮಾಡಿದ ಮೇಲೆ ಬಸ್‌ಸ್ಟ್ಯಾಂಡಿಗೆ ಬಂದ ಮೆಕ್‌ಫೀ ಮೊದಲು ಒಂದು ನಿಮಿಷ ಬೆಪ್ಪಾಗಿ ನಿಂತ. ಆಮೇಲೆ ಬಹಳ ಸಂತೋಷಪಟ್ಟ. ಮನೆಗೆ ಬಣ್ಣ ಹೊಡೆಸುತ್ತಿದ್ದೇವೆ, ವಾಸನೆ ತಡೆಯಲಾಗುವುದಿಲ್ಲ ಎಂದು ಹೇಳಿ ಗಂಡ, ಹೆಂಡತಿ, ಮಗಳು ಮೂವರನ್ನೂ ಒಬ್ಬ ಮುದುಕಿ ನಡೆಸುವ ಬಾಡಿಗೆ ಕೋಣೆಗೆ ಸೇರಿಸಿದ. ನಾಳೆ ಇಡೀ ಕುಟುಂಬಕ್ಕೆ ನಮ್ಮ ಹಳ್ಳಿಸೀಮೆ ತೋರಿಸುತ್ತೇನೆ ಎಂದು ಮಾತು ಕೊಟ್ಟ.

ಮಾತಿಗೆ ತಪ್ಪಲಿಲ್ಲ. ಬೆಳಿಗ್ಗೆ ಒಂದು ಸರೋವರ ತೋರಿಸಿದ. ಮಂಜು ಮುಸುಕಿ ನೀರು ಕಾಣಲಿಲ್ಲ. ಮಾಡು ಹಾರಿಹೋಗಿ ಒಳಗಿನಿಂದ ಆಕಾಶ ಕಾಣುವ ಒಂದು ಹಳೆಯ ಕೋಟೆ ತೋರಿಸಿದ. ವಿಲ್ಫ್ರೆಡ್ ಸೂಟು ಹಾಕಿಕೊಂಡು ಅದರ ಮುಂದೆ ಆರು ಸಲ ನಿಂತು ಫೋಟೊ ತೆಗೆಸಿದ. ಎಂಟು ವರ್ಷದ ಮಗಳು ಫ್ಲಾವಿಯಾ ಚಳಿಗೆ ಹಲ್ಲು ಕಟಕಟಿಸುತ್ತಿದ್ದಳು. ಮಧ್ಯಾಹ್ನ ಎಲ್ಲಕ್ಕಿಂತ ದೊಡ್ಡ ಆಕರ್ಷಣೆಗೆ ಕರೆದೊಯ್ದ: ಟಿಕೆಟು ತೆಗೆದುಕೊಂಡು ಒಳಗೆ ಹೋಗುವ ಒಂದು ದನದ ಕೊಟ್ಟಿಗೆ. ಸಾಹೇಬನದೂ ಸೇರಿ ನಾಲ್ಕು ಟಿಕೆಟು ವಿಲ್ಫ್ರೆಡನೇ ತೆಗೆದ.

ಒಳಗೆ ಪೇಟೆಯ ದಂಪತಿಗಳು ಮಕ್ಕಳನ್ನು ಹೆಗಲಿಗೇರಿಸಿ ನಿಂತಿದ್ದರು. ಬಿಳಿ ಕೋಟಿನ ಹುಡುಗಿಯೊಬ್ಬಳು ಕೈಯಿಂದ ಹಸು ಕರೆಯುವುದು ಹೇಗೆಂದು ತೋರಿಸಲು ಕೂತಳು. ಅವಳಿಗೇ ಅದು ಗೊತ್ತಿರಲಿಲ್ಲ. ಹಸು ಒದ್ದು ಬಕೆಟು ಉರುಳಿಸಿತು. ಜನ ಅಯ್ಯೋ ಎಂದಿತು. ಜೋಸೆಫಿನ್ ಕೈಚೀಲವನ್ನು ಮಗಳಿಗೆ ಕೊಟ್ಟಳು. ವಿಲ್ಫ್ರೆಡ್ ಅವಳ ತೋಳು ಹಿಡಿದು ಕೊಂಕಣಿಯಲ್ಲಿ, ಮರ್ಯಾದೆ ತೆಗೀಬೇಡ, ನಾವು ಇಲ್ಲಿ ಗೆಸ್ಟುಗಳು ಎಂದ. ಅವಳು ತೋಳು ಬಿಡಿಸಿಕೊಂಡು ಸೆರಗು ಸಿಕ್ಕಿಸಿ, ಹಸುವಿನ ಬೆನ್ನು ತಟ್ಟಿ, ಕೆಚ್ಚಲು ನೀವಿ, ಹತ್ತು ನಿಮಿಷದಲ್ಲಿ ಬಕೆಟು ತುಂಬಿಸಿದಳು. ಚಪ್ಪಾಳೆಯೋ ಚಪ್ಪಾಳೆ. ‘ನಾನು ಇವತ್ತು ಹಸು ಕರೆದೆ’ ಎಂಬ, ಮಕ್ಕಳಿಗೆ ಕೊಡುವ ಬಿಲ್ಲೆಯನ್ನು ಅವಳ ಸೀರೆಗೆ ಚುಚ್ಚಿದರು. ಫೋಟೊ ತೆಗೆದವನು ಮೆಕ್‌ಫೀ, ವಿಲ್ಫ್ರೆಡನದೇ ಕ್ಯಾಮೆರಾದಲ್ಲಿ. ವಿಲ್ಫ್ರೆಡ್ ಗೋಡೆಯ ಕಡೆ ತಿರುಗಿ ನಿಂತಿದ್ದ. ಅವತ್ತು ಸಂಜೆ ಸಾಹೇಬ ಕೈ ಕುಲುಕಿ ಹೊರಟುಹೋದ.

ಬಹ್ರೇನಿಗೆ ಮರಳಿದ ಮೇಲೆ ಒಂದು ಶುಕ್ರವಾರ ವಿಲ್ಫ್ರೆಡ್ ಪ್ರೊಜೆಕ್ಟರ್ ಎರವಲು ತಂದು, ಗೋಡೆಗೆ ಬೆಡ್‌ಶೀಟು ಕಟ್ಟಿ, ನೆರೆಹೊರೆಯವರನ್ನು ಊಟಕ್ಕೆ ಕರೆದ. ಹೆಂಡತಿ ಹಾಲು ಕರೆಯುವ ಚಿತ್ರದ ಸ್ಲೈಡನ್ನು ಬದಿಗೆ ತೆಗೆದಿಟ್ಟಿದ್ದೇನೆಂದು ಅವನು ನಂಬಿದ್ದ, ತೆಗೆದಿಟ್ಟದ್ದು ಸರೋವರದ್ದು. ಮೊದಲು ಕೋಟೆ ಬಂತು. ಇದು ಮೆಕ್‌ಫೀ ಸಾಹೇಬರ ಹಿರಿಯರ ಮನೆ, ನಾವು ಇಳಿದದ್ದು ಇಲ್ಲೇ ಎಂದ.

ಕೆಳಗಿನ ಅಂಗಡಿಯ ಇದಿನಬ್ಬ ಬೆಡ್‌ಶೀಟಿನ ಹತ್ತಿರ ಬಾಗಿ ನೋಡಿ, ಊರಲ್ಲಿ ಕ್ರಿಸ್ತರನ್ನು ಕರೆಯುವ ಹಾಗೆಯೇ ಕರೆದು ಕೇಳಿದ. “ಪೊರ್ಬುಗಳೇ, ಇದಕ್ಕೆ ಮಾಡೇ ಇಲ್ವಲ್ಲ. ಮಳೆ ಬಂದ್ರೆ ಎಂತ ಮಾಡಿದ್ರಿ?”

ವಿಲ್ಫ್ರೆಡ್ ಬೇಗನೆ ಮುಂದಿನ ಚಿತ್ರಕ್ಕೆ ಗುಂಡಿ ಒತ್ತಿದ. ಬೆಡ್‌ಶೀಟಿನ ತುಂಬ ಹಸುವಿನ ಹಿಂಭಾಗ, ಅದರ ಪಕ್ಕ ಸೀರೆ ಸಿಕ್ಕಿಸಿ ಕುಕ್ಕುರು ಕೂತ ಜೋಸೆಫಿನ್.

ಇದಿನಬ್ಬ ಅವಳ ಕಡೆ ತಿರುಗಿದ. “ಬಾಯಮ್ಮ, ಅಲ್ಲಿ ಕೆಲಸಕ್ಕೆ ಹೋದದ್ದಾ?”

ಅವಳು ಮೀನಿನ ಪಾತ್ರೆ ಕೆಳಗಿಟ್ಟು ಎಲ್ಲವನ್ನೂ ಹೇಳಿದಳು: ಬಸ್‌ಸ್ಟ್ಯಾಂಡು, ಬಣ್ಣದ ವಾಸನೆ, ಮುದುಕಿಯ ಕೋಣೆ, ಟಿಕೆಟು. ಕೊಟ್ಟಿಗೆ ನೋಡಲು ವಿಮಾನ ಹತ್ತಿ ಹೋದ ಕಥೆ ಕೇಳಿ ಇದಿನಬ್ಬನ ಹೆಂಡತಿ ಐಸಮ್ಮ ಬಾಯಿಗೆ ದುಪ್ಪಟ್ಟ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ಉಳಿದವರಿಗೆ ಅಷ್ಟು ದಾಕ್ಷಿಣ್ಯ ಇರಲಿಲ್ಲ, ಕೂತಲ್ಲೇ ನಕ್ಕರು. ಅದು ಮಾಮೂಲಿ ಹಸು ಅಲ್ಲ, ಜಾತಿ ಹಸು ಎಂದು ವಿಲ್ಫ್ರೆಡ್ ಎರಡು ಸಲ ಹೇಳಿದ.

ಎಲ್ಲರೂ ಹೋದ ಮೇಲೆ, ಒಂದು ರಾತ್ರಿಯಾದರೂ ಅವರ ಮನೆಯಲ್ಲಿದ್ದೆವು ಅಂತ ನೀನು ಹೇಳಬಹುದಿತ್ತು ಎಂದು ಅವನು ಮುಖ ಊದಿಸಿದ.

“ನಾನು ಅವರ ಮನೆಯ ಗೇಟೂ ನೋಡ್ಲಿಲ್ಲ,” ಎಂದಳು ಜೋಸೆಫಿನ್, ತಟ್ಟೆ ತೊಳೆಯುತ್ತ. “ಆ ಊರಲ್ಲಿ ನನ್ನನ್ನು ಮಾತಾಡಿಸಿದವರು ಇಬ್ಬರೇ. ಒಂದು ಆ ಮುದುಕಿ, ಇನ್ನೊಂದು ಆ ಹಸು.”

ಅವನು ಪ್ರೊಜೆಕ್ಟರ್ ಹಿಂದೆ ಕೊಟ್ಟು ಬಂದ. ಅವಳು ಆ ಚಿತ್ರವನ್ನು ದೊಡ್ಡದಾಗಿ ಪ್ರಿಂಟು ಹಾಕಿಸಿ ಆಸ್ಪತ್ರೆಗೆ ಒಯ್ದಳು. ವಾರ್ಡಿನ ನರ್ಸುಗಳು ಅದನ್ನು ಊಟದ ಕೋಣೆಯಲ್ಲಿ ಅಂಟಿಸಿದರು. ಪಾದ್ರಿಯ ಪೂಜೆ ಮುಗಿದು ಇಗರ್ಜಿಯಿಂದ ಹೊರಬರುವಾಗ ಯಾರಾದರೂ ಸ್ಕಾಟ್ಲೆಂಡ್ ಹೇಗಿತ್ತು ಎಂದು ಕೇಳಿದರೆ ವಿಲ್ಫ್ರೆಡ್, ಚಳಿ ಜಾಸ್ತಿ ಎಂದಷ್ಟೇ ಹೇಳಿ ಕಾರಿನ ಕಡೆ ಬೇಗ ಬೇಗ ನಡೆಯುತ್ತಿದ್ದ.